ಹಟ್ಟಿಯ ಮಾಡಿನಲ್ಲಿ ನಮ್ಮ ಡಾಕ್ಟರು

ಮನುಷ್ಯ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆಗೆ ನಾನು ಕಲಿತ ಕಾನ್ವೆಂಟಿನ ಸಿಸ್ಟರುಗಳ ಬಳಿ ಒಂದು ಉತ್ತರವಿತ್ತು, ನಮ್ಮ ಮನೆಯ ಪುರೋಹಿತರ ಬಳಿ ಇನ್ನೊಂದಿತ್ತು. ಎರಡನ್ನೂ ನಾನು ಬಾಯಿಪಾಠ ಮಾಡಿದ್ದೆ. ಆದರೆ ಸತ್ತವನ ಶ್ರದ್ಧಾಂಜಲಿಯ ಫ್ಲೆಕ್ಸ್ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಹೇಳಿಕೊಟ್ಟಿರಲಿಲ್ಲ. ಔಟ್ ಆಫ್ ಸಿಲಬಸ್. ಅದನ್ನು ನಾನು ಈ ವಯಸ್ಸಿನಲ್ಲಿ ರಿಕ್ಷಾ ಹತ್ತಿ ಹೋಗಿ ಕಲಿಯಬೇಕಾಯಿತು.

ನನ್ನ ಗಂಡ ದನದ ಡಾಕ್ಟರಾಗಿದ್ದರು. ಕಡಬದ ಸುತ್ತಮುತ್ತ ದನ ಇರುವ ಮನೆಗಳಿಗೆಲ್ಲ ಅವರ ಪರಿಚಯ. ಆ ಮನೆಗಳವರ ಲೆಕ್ಕದಲ್ಲಿ ನಾನು ‘ಡಾಕ್ಟ್ರಮ್ಮ’. ನಮ್ಮವರು ತೀರಿಹೋಗಿ ಎರಡು ವರ್ಷವಾಯಿತು. ಹೋದವರು ನೆನಪಿನಲ್ಲಿ ಉಳಿಯಬೇಕಾದರೆ ಏನಾದರೂ ಸಾಲಿಡ್ ಆದದ್ದು ಬೇಕು ಎಂದು ನಾನು ನಂಬಿದ್ದೆ. ಮೊದಲು ಗೇಟಿನಲ್ಲಿದ್ದ ಹಿತ್ತಾಳೆಯ ನೇಮ್‌ಪ್ಲೇಟನ್ನು ಹುಣಸೆಹುಳಿ ಹಾಕಿ ಉಜ್ಜತೊಡಗಿದೆ. ಎಷ್ಟು ಪ್ರೀತಿಯಿಂದ ಉಜ್ಜಿದೆನೆಂದರೆ ಈಗ ಅದರಲ್ಲಿ ಮುಖ ನೋಡಿ ತಲೆ ಬಾಚಬಹುದು, ಹೆಸರು ಮಾತ್ರ ಇಲ್ಲ. ಆಮೇಲೆ ಬಸ್ಸು ನಿಲ್ಲುವಲ್ಲಿ ಅವರ ಹೆಸರಿನ ಕಲ್ಲುಬೆಂಚು ಹಾಕಿಸುವ ಐಡಿಯಾ ಬಂತು. ಸ್ಯಾಂಪಲ್ಲಿಗೆಂದು ಬೇರೆ ಬೆಂಚುಗಳನ್ನು ನೋಡಿಬಂದೆ. ದಾನಿಗಳ ಹೆಸರಿಗೆಲ್ಲ ಜನ ಬೆನ್ನು ಕೊಟ್ಟು ಕೂತಿದ್ದರು. ಕೈಬಿಟ್ಟೆ. ಇನ್ನು ಉಳಿದದ್ದು ಅವರ ಗಮ್‌ಬೂಟು ಮತ್ತು ಭುಜದವರೆಗೆ ಬರುವ ರಬ್ಬರ್ ಗ್ಲೌಸು. ಆ ಗ್ಲೌಸನ್ನು ಶೋಕೇಸಿನಲ್ಲಿಡುವ ಧೈರ್ಯ ನನಗಿಲ್ಲ. ಅದು ಎಲ್ಲೆಲ್ಲಿಗೆ ಹೋಗಿ ಬಂದಿದೆ ಎಂದು ನೆಂಟರಿಗೆ ಚಹಾದ ಹೊತ್ತಿನಲ್ಲಿ ವಿವರಿಸಲಾಗುತ್ತದೆಯೇ?

ನಿಜವಾಗಿ ನನಗೆ ಬೇಕಾಗಿದ್ದದ್ದು ಅವರು ನಗುವ ಒಂದು ಫೋಟೋ. ಕ್ಯಾಮೆರಾ ಕಂಡರೆ ಅವರ ಮುಖ ಕಾಯಿಲೆಯ ದನದ ಎದುರು ನಿಂತಂತೆ ಸೀರಿಯಸ್ ಆಗುತ್ತಿತ್ತು. ನಮ್ಮ ಮದುವೆಯ ಫೋಟೋದಲ್ಲಿ ಅವರು ನನ್ನನ್ನು ನೋಡುತ್ತಿರುವ ರೀತಿ ಕಂಡರೆ ನನಗೆ ಕಾಲುಬಾಯಿ ಜ್ವರವಿತ್ತೇನೋ ಎಂದು ಸಂಶಯ ಬರುತ್ತದೆ. ಆದರೆ ಅವರು ತೀರಿಕೊಂಡಾಗ ಗೆಳೆಯರು ಪೇಟೆಯಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ನಮ್ಮ ಡಾಕ್ಟರು ಹಲ್ಲು ಕಾಣುವಂತೆ ನಗುತ್ತಿದ್ದರು! ಆ ಗದ್ದಲದಲ್ಲಿ ನಾನು ಅದನ್ನು ಕಾರಿನ ಕಿಟಕಿಯಿಂದ ಒಮ್ಮೆ ಕಂಡದ್ದಷ್ಟೆ. ಫೋಟೋ ಎಲ್ಲಿಂದ ಬಂತು ಎಂದರೆ, ಯಾರದೋ ವಾಟ್ಸಾಪಿನಿಂದ ಎಂದರು. ಸಾವರಿಸಿಕೊಂಡು ನೋಡಲು ಹೋಗುವಷ್ಟರಲ್ಲಿ ಅದೇ ಕಂಬದಲ್ಲಿ ಐಸ್‌ಕ್ರೀಮ್ ಪಾರ್ಲರಿನ ಉದ್ಘಾಟನೆ ನೇತಾಡುತ್ತಿತ್ತು.

ಹಾಗಿರುವಾಗ ಮೊನ್ನೆ ರಿಕ್ಷಾದ ಹನೀಫ್ ಗೇಟಿನಲ್ಲಿ ನಿಂತು, “ಅಮ್ಮ, ನಿನ್ನೆ ಪೆರಾಬೆಯಲ್ಲಿ ಡಾಕ್ಟ್ರನ್ನು ನೋಡಿದೆ” ಅಂದ.

ನಾನು ಗೇಟು ಹಿಡಿದುಕೊಂಡೆ. “ಎಂತ ಹೇಳ್ತಿ ಮಾರಾಯ?”

“ಕುಸುಮಕ್ಕನ ದನದ ಹಟ್ಟಿಗೆ ಹಿಂಡಿ ಗೋಣಿ ಇಳಿಸ್ಲಿಕ್ಕೆ ಹೋದದ್ದು. ತಲೆ ಎತ್ತಿ ನೋಡ್ತೇನೆ, ಮಾಡಿನಲ್ಲಿ ಡಾಕ್ಟ್ರು! ನಗಾಡ್ತಾ ಇದ್ದಾರೆ. ಫ್ಲೆಕ್ಸ್ ಅಂತ ಗೊತ್ತಾಗುವಾಗ ಗೋಣಿ ನನ್ನ ಕಾಲಿನ ಮೇಲೆ.”

ಕೂಡಲೇ ಅವನ ರಿಕ್ಷಾ ಹತ್ತಿದೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಸಿಟ್ಟು ಇಂಗ್ಲಿಷಿನಲ್ಲೇ ಬರುತ್ತದೆ. ‘ದಿಸ್ ಈಸ್ ಎ ಮ್ಯಾಟರ್ ಆಫ್ ಡಿಗ್ನಿಟಿ’ ಎಂದು ದಾರಿಯುದ್ದಕ್ಕೂ ಉರುಹೊಡೆದೆ. ಆದರೆ ಕುಸುಮ ಸೆಗಣಿ ಕೈಯಲ್ಲೇ ಓಡಿಬಂದು, “ಅಯ್ಯೋ ಡಾಕ್ಟ್ರಮ್ಮ! ಬನ್ನಿ ಬನ್ನಿ” ಅಂದಾಗ ಆ ಡಿಗ್ನಿಟಿ ಕನ್ನಡಕ್ಕೆ ಇಳಿಯಲೇ ಇಲ್ಲ. “ನಮ್ಮವರು ಇಲ್ಲಿದ್ದಾರಂತೆ, ಕರ್ಕೊಂಡು ಹೋಗ್ಲಿಕ್ಕೆ ಬಂದೆ” ಎಂದಷ್ಟೇ ಹೊರಬಂತು.

ಹಟ್ಟಿಯೊಳಗೆ ತಲೆ ಎತ್ತಿದೆ. ಸೂರಿನ ಬಿದಿರಿನ ಗಳುಗಳ ನಡುವಿನಿಂದ ಅವರು ಕೆಳಗೆ ನೋಡಿ ನಗುತ್ತಿದ್ದರು. ಕೆಳಗೆ ಎರಡು ದನಗಳು ಮೆಲುಕು ಹಾಕುತ್ತಿದ್ದವು.

“ಪೇಟೆಯಲ್ಲಿ ಫ್ಲೆಕ್ಸ್ ಬಿಚ್ಚುವಾಗ ನಾನೇ ಕೇಳಿ ತಗೊಂಡದ್ದಮ್ಮ. ಮೇಲೆ ಮುಖ ಮಾಡಿದ್ರೆ ಬಿಸಿಲಿಗೆ ಬಣ್ಣ ಹೋಗ್ತದೆ ಅಂತ ಒಳಗೆ ಮಾಡಿ ಹೊದಿಸಿದೆ. ಸುರುವಿಗೆ ನಮ್ಮ ಕೆಂಪಿ ಒಳಗೆ ಬರ್ಲಿಕ್ಕೇ ಕೇಳ್ಲಿಲ್ಲ. ಇಂಜೆಕ್ಷನ್ ಕೊಡ್ಲಿಕ್ಕೆ ಬಂದದ್ದು ಅಂತ ಹೆದರಿಕೆ ಅದಕ್ಕೆ!”

“ಹೆಸರೆಲ್ಲಿ ಕುಸುಮ? ಅವರ ಡಿಗ್ರಿ?”

“ಅದು... ಕೋಳಿಗೂಡಿಗೆ ಹಾಕಿದೆ.” ಅವಳು ತಡವರಿಸಿದಳು. “ದಿನಾ ಹಾಲು ಕರೆಯುವಾಗ ಶ್ರದ್ಧಾಂಜಲಿ ಶ್ರದ್ಧಾಂಜಲಿ ಅಂತ ಎಷ್ಟು ಓದುದು? ಆ ತುಂಡು ಕತ್ತರಿಸಿದ ಮೇಲೆ ಈಗ ಅವರು ಸುಮ್ಮನೆ ಬಂದ ಹಾಗೆ ಉಂಟು.”

ಕುಸುಮ ಕೈ ತೊಳೆದು ಮೊಬೈಲು ತಂದಳು. “ಫೋಟೋ ತೆಗೆದದ್ದೂ ಇಲ್ಲಿಯೇ. ಕೆಂಪಿಯ ಕರು ಹೊಟ್ಟೆಯಲ್ಲಿ ಅಡ್ಡ ಸಿಕ್ಕಿ ಹಾಕಿಕೊಂಡಿತ್ತು. ಎಲ್ಲರೂ ಆಸೆ ಬಿಟ್ಟಿದ್ದೆವು. ಡಾಕ್ಟ್ರು ಹೇಗೋ ಎಳೆದ್ರು. ಅದು ಎದ್ದು ನಿಂತದ್ದು ನೋಡಿ ನಗಾಡಿದ್ದು ಇದು. ಫ್ಲೆಕ್ಸಿನವರು ಕರುವನ್ನು ತೆಗೆದು ಹಾಕಿದ್ರು.” ಕೆಂಪಿಯ ಪಕ್ಕದಲ್ಲಿದ್ದ ಹೊಟ್ಟೆ ದೊಡ್ಡದಾದ ದನವನ್ನು ತೋರಿಸಿದಳು. “ಇದೇ ಆ ಕರು. ಈಗ ಗಬ್ಬ.”

ಮೊಬೈಲಿನಲ್ಲಿ ಕಾಲು ನಡುಗಿಸುತ್ತ ನಿಂತ ಕರು. ಅದರ ಎದುರು ಮೈಯೆಲ್ಲ ಕೆಸರಾದ ನನ್ನ ಗಂಡ, ಲೋಕವನ್ನೇ ಗೆದ್ದವರ ಹಾಗೆ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಸಿಗದ ನಗು ಒಂದು ಕರುವಿಗೆ ಸಿಕ್ಕಿತಲ್ಲ ಎಂದು ಸ್ವಲ್ಪ ಜೆಲಸಿಯಾಯಿತು. ಆಮೇಲೆ ಸಮಾಧಾನವೂ ಆಯಿತು. ಕುಸುಮ ಅವರ ಹೆಸರನ್ನು ಕೋಳಿಗಳಿಗೆ ಬಿಟ್ಟುಕೊಟ್ಟು ನಗುವನ್ನು ಇಟ್ಟುಕೊಂಡಿದ್ದಳು. ಆಯ್ಕೆ ಕೆಟ್ಟದ್ದೇನಲ್ಲ. “ಫ್ಲೆಕ್ಸ್ ಇಲ್ಲೇ ಇರಲಿ. ಫೋಟೋ ನನಗೆ ಕಳಿಸು, ಕರು ಸಮೇತ” ಎಂದೆ.

ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬಾಯಿಗೆ ಬ್ರೇಕ್ ಉಳಿಯಲಿಲ್ಲ. “ಇದು ಹೆಚ್ಚೆಂದ್ರೆ ಇನ್ನೊಂದು ಮಳೆಗಾಲ ಬಾಳಿಕೆ ಬರ್ಬಹುದು ಅಮ್ಮ. ಆಚೆ ಬದಿ ಈಗಲೇ ಸೋರ್ತದೆ. ನಿಮ್ಮ ಫ್ಲೆಕ್ಸ್ ಮಾಡುವಾಗ ಸ್ವಲ್ಪ ದೊಡ್ಡದು...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ನಾಚಿಕೆ ಎಂತದಕ್ಕೆ? ಅಳತೆ ಹೇಳು” ಎಂದೆ.

ವಾಪಸು ಬರುವಾಗ ಹೊಳೆಯಿತು: ನಾನು ನಗುವ ಫೋಟೋ ಕೂಡ ಒಂದೂ ಇಲ್ಲ. ಗುಡ್ ಗರ್ಲ್ಸ್ ಹಲ್ಲು ತೋರಿಸುವುದಿಲ್ಲ ಎಂದು ನಮಗೆ ಕಲಿಸಿದ್ದರು. ಗಂಟುಮುಖ ಹಾಕಿಕೊಂಡು ಮಾಡಿನಲ್ಲಿ ನೇತಾಡಿದರೆ ದನಗಳು ಹಾಲು ಕೊಟ್ಟಾವೆಯೇ? ರಿಕ್ಷಾದ ಕನ್ನಡಿಯಲ್ಲಿ ಪ್ರಾಕ್ಟೀಸ್ ಶುರುಮಾಡಿದೆ. ಹನೀಫ್ ಗಾಬರಿಯಿಂದ ಬ್ರೇಕ್ ಹಾಕಿದ. “ಎಂತ ಅಮ್ಮ, ಹಲ್ಲುನೋವಾ?”

ಸ್ಟುಡಿಯೋದಲ್ಲಿ ಇದು ಆಗುವ ಕೆಲಸವಲ್ಲ ಎಂದು ಅರ್ಥವಾಯಿತು. ಮನೆಗೆ ಬಂದವಳೇ ಕುಸುಮಳಿಗೆ ಫೋನು ಮಾಡಿದೆ. ಅವಳ ದನ ಕರು ಹಾಕುವ ದಿನ ಎಷ್ಟು ಹೊತ್ತಾದರೂ ನನ್ನನ್ನು ಕರೆಯಬೇಕು, ಮೊಬೈಲು ಫುಲ್ ಚಾರ್ಜಿನಲ್ಲಿರಬೇಕು ಎಂದು ಹೇಳಿಟ್ಟಿದ್ದೇನೆ.