ಕಂದುಕಪುರದ ವಿಶ್ವದರ್ಜೆಯ ನೆರಳು

ಬಹಳ ಹಿಂದೆ, ಬಿಸಿಲು ಇನ್ನೂ ಯಾವ ಇಲಾಖೆಯ ಸುಪರ್ದಿಗೂ ಸೇರಿರದಿದ್ದ ಕಾಲದಲ್ಲಿ, ಕಂದುಕಪುರವೆಂಬ ರಾಜ್ಯವೊಂದಿತ್ತು. ಅಲ್ಲಿನ ಪ್ರಜೆಗಳಿಗೆ ಫುಟ್‌ಬಾಲ್ ಹುಚ್ಚು. ಮದುವೆಗೆ ಮುಹೂರ್ತ ಇಡಿಸುವ ಮುಂಚೆ ಅವರು ಪಂಚಾಂಗ ನೋಡುತ್ತಿರಲಿಲ್ಲ, ಪಂದ್ಯಾವಳಿಯ ವೇಳಾಪಟ್ಟಿ ನೋಡುತ್ತಿದ್ದರು. ಅರಮನೆಯ ಪಕ್ಕದಲ್ಲೇ ಇದ್ದ ಮೈದಾನಕ್ಕೆ ಪಡುವಣದಲ್ಲೊಂದು ಗ್ಯಾಲರಿ, ಮೂಡಣದಲ್ಲೊಂದು ಗ್ಯಾಲರಿ. ಪಡುವಣ ಗ್ಯಾಲರಿಯ ಬೆನ್ನಿಗೆ ನಲವತ್ತೆರಡು ಹೊಂಗೆ ಮರಗಳಿದ್ದವು. ಆಟ ಶುರುವಾಗುವುದು ಇಳಿಹೊತ್ತು ನಾಲ್ಕಕ್ಕೆ. ಆಗ ಪಡುವಣದವರು ಹೊಂಗೆಯ ತಂಪಿನಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದರು; ಮೂಡಣದವರು ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಬಂದದ್ದು ಚೆಂಡೋ ಕಾಗೆಯೋ ಎಂದು ಪಕ್ಕದವರನ್ನು ಕೇಳುತ್ತಿದ್ದರು.

ಇದಕ್ಕೊಂದು ಪರಿಹಾರವನ್ನು ಜನರೇ ಕಂಡುಕೊಂಡಿದ್ದರು. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸುವಾಗ ನೋಡುವವರೂ ದಿಕ್ಕು ಬದಲಿಸುತ್ತಿದ್ದರು. ಪಡುವಣದವರು ಎದ್ದು ಮೂಡಣಕ್ಕೆ, ಮೂಡಣದವರು ಪಡುವಣಕ್ಕೆ. ಮುದುಕರು, ಬಾಣಂತಿಯರು ಮಾತ್ರ ಕೊನೆಯವರೆಗೂ ನೆರಳಲ್ಲೇ. ಇದಕ್ಕೆ ಯಾವ ಕಾಯ್ದೆಯೂ ಇರಲಿಲ್ಲ. ಆದ್ದರಿಂದ ಎಲ್ಲರೂ ಪಾಲಿಸುತ್ತಿದ್ದರು.

ಇದನ್ನು ನಡೆಸಿಕೊಡಲು ಒಬ್ಬ ಸರಕಾರಿ ನೌಕರನಿದ್ದ. ಹೆಸರು ಜವರಯ್ಯ, ಹುದ್ದೆ ನೆರಳು ಗುರಿಕಾರ. ಪಂದ್ಯದ ದಿನ ಅವನು ಮೈದಾನದ ನಡುವೆ ಒಂದು ಕೋಲು ನೆಟ್ಟು, ಅದರ ನೆರಳು ನೋಡಿ, ಯಾವ ಸಾಲಿಗೆ ಎಷ್ಟು ಹೊತ್ತಿನವರೆಗೆ ಬಿಸಿಲು ಎಂದು ಹೇಳುತ್ತಿದ್ದ. ಅರ್ಧ ಆಟಕ್ಕೆ ಶಂಖ ಊದುತ್ತಿದ್ದ. ಸಂಬಳ ಅಷ್ಟಕ್ಕಷ್ಟೆ, ಆದರೆ ಮರ್ಯಾದೆಯ ಕೆಲಸ. ಅವನ ಹೆಂಡತಿ ಸಾಕವ್ವ ಗಂಡನಿಗಿಂತ ದೊಡ್ಡ ಅಭಿಮಾನಿ. ಆಫ್‌ಸೈಡ್ ಎಂದರೇನೆಂದು ಇಡೀ ರಾಜ್ಯದಲ್ಲಿ ಸರಿಯಾಗಿ ಗೊತ್ತಿದ್ದದ್ದು ಅವಳೊಬ್ಬಳಿಗೇ ಎಂದು ರೆಫರಿಗಳೇ ಒಪ್ಪಿಕೊಂಡಿದ್ದರು.

ಹೀಗಿರಲು, ಒಂದು ಚೈತ್ರಮಾಸದ ಸಂಜೆ ಶ್ರೀಮನ್ಮಹಾರಾಜ ವಿತಾನವರ್ಮ ಪ್ರಭುಗಳು ಪಂದ್ಯ ವೀಕ್ಷಿಸುತ್ತ ನಿದ್ರಿಸುತ್ತಿದ್ದಾಗ, ಹೊಂಗೆಯ ಎಲೆಗಳ ಸಂದಿಯಿಂದ ನಾಣ್ಯದಷ್ಟು ಬಿಸಿಲು ಇಳಿದು ಅವರ ಎಡಗಿವಿಯ ಮೇಲೆ ಕುಳಿತಿತು. ಪ್ರಭುಗಳಿಗೆ ಇದು ತಿಳಿಯಲಿಲ್ಲ. ಕ್ರೀಡಾಮಾತ್ಯ ಅಸ್ತುಸೇನನಿಗೆ ತಿಳಿಯಿತು. ಅವನು ಗಡಿಯಾರ ಹಿಡಿದು ಹನ್ನೊಂದು ನಿಮಿಷ ಲೆಕ್ಕ ಹಾಕಿದ. ಆಟ ಮುಗಿದ ಮೇಲೆ ಕೈಜೋಡಿಸಿ, ರಾಜಕರ್ಣಕ್ಕೆ ಆತಪ ಸ್ಪರ್ಶವಾದದ್ದು ಸಂಪೂರ್ಣ ಆಡಳಿತ ವೈಫಲ್ಯವೆಂದೂ, ಹೊಣೆ ಹಿಂದಿನ ಆಡಳಿತದ್ದೆಂದೂ ಅರಿಕೆ ಮಾಡಿಕೊಂಡ. ಹಿಂದಿನ ಆಡಳಿತ ಪ್ರಭುಗಳ ತಂದೆಯವರದು. ಪ್ರಭುಗಳು ಕಿವಿ ಮುಟ್ಟಿ ನೋಡಿಕೊಂಡರು. ಆಗಿನಿಂದ ಅದು ಉರಿಯತೊಡಗಿತು.

ಮರುವಾರವೇ ‘ಸಾರ್ವತ್ರಿಕ ನೆರಳು ಯೋಜನೆ’ ಘೋಷಣೆಯಾಯಿತು. ಮೈದಾನದ ಸುತ್ತ ಎರಡೂ ಗ್ಯಾಲರಿಗಳ ಮೇಲೆ ಮುಗಿಲೆತ್ತರದ ಚಾವಣಿ, ಒಳಮೈಗೆ ಕನ್ನಡಿಯಂತೆ ಹೊಳೆಯುವ ತಗಡು. ವಾಸ್ತುವಿಶಾರದ ನಕ್ಷೇಂದ್ರ ಆಸ್ಥಾನದಲ್ಲಿ ಪ್ರೆಸೆಂಟೇಷನ್ ಕೊಟ್ಟ. ಮೇಜಿನ ಮೇಲೆ ಮೈದಾನದ ಪುಟ್ಟ ಮಾದರಿ, ಅದರ ನೆತ್ತಿಯ ಮೇಲೆ ನೇರವಾಗಿ ತೂಗುಬಿಟ್ಟ ದೀಪ. ದೀಪ ಹಚ್ಚಿದಾಗ ಎರಡೂ ಗ್ಯಾಲರಿಗಳಲ್ಲಿ ಕೂರಿಸಿದ್ದ ಮೇಣದ ಪ್ರಜೆಗಳೆಲ್ಲ ತಣ್ಣನೆ ನೆರಳಿನಲ್ಲಿದ್ದರು. ಆಸ್ಥಾನ ಭಲೇ ಎಂದಿತು. ಮೇಣದವರೂ ನಗುತ್ತಿದ್ದಂತೆ ಕಂಡಿತು.

ಹಿಂದಿನ ಸಾಲಿನಲ್ಲಿ ನಿಂತಿದ್ದ ಜವರಯ್ಯ ಮಾದರಿ ಬಿಟ್ಟು ಆ ದೀಪವನ್ನೇ ನೋಡಿದ. ಸಂಜೆ ನಾಲ್ಕಕ್ಕೆ ಸೂರ್ಯ ನೆತ್ತಿಯ ಮೇಲಿರುವುದಿಲ್ಲ. ಪಡುವಣಕ್ಕೆ ವಾಲಿ, ಮೂಡಣದವರ ಮುಖಕ್ಕೇ ನೇರ ನುಗ್ಗುತ್ತಾನೆ. ಮೂಡಣ ಚಾವಣಿಯ ನೆರಳು ಅವರನ್ನು ದಾಟಿ ಹಿಂದೆ ಬೀಳುತ್ತದೆ. ಪಡುವಣ ಚಾವಣಿಯ ನೆರಳು ಹುಲ್ಲಿನ ಮೇಲೆ ಬೀಳುತ್ತದೆ. ಇಪ್ಪತ್ತಾರು ವರ್ಷ ಕೋಲು ನೆಟ್ಟವನಿಗೆ ಇದು ಕಣ್ಣು ಮುಚ್ಚಿದರೂ ಕಾಣುವ ಸಂಗತಿ. ಅವನು ಮೆಲ್ಲನೆ ಅಸ್ತುಸೇನನ ಬಳಿ ಹೋಗಿ, ದೀಪವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ನೋಡಬಹುದೇ ಎಂದು ಕೇಳಿದ.

ಅಮಾತ್ಯ ಅವನ ಹೆಗಲ ಮೇಲೆ ಕೈಹಾಕಿ ಕಂಬದ ಮರೆಗೆ ಕರೆದೊಯ್ದ. ಮಂತ್ರಿಯೊಬ್ಬ ತನ್ನ ಹೆಗಲು ಮುಟ್ಟಿದ್ದು ಜವರಯ್ಯನ ಜೀವಮಾನದಲ್ಲಿ ಅದೇ ಮೊದಲು.

“ಗುರಿಕಾರರೇ, ದೀಪ ಸರಿಸಬಹುದು. ಆದರೆ ಪ್ರಭುಗಳು ಅದಾಗಲೇ ಸಂತೋಷಪಟ್ಟಾಗಿದೆ. ಸಂತೋಷವನ್ನು ಸರಿಸುವುದು ಹೇಗೆ?” ಎಂದ ಅಸ್ತುಸೇನ. “ನಿಮ್ಮ ಮನೆಯವರಿಗೆ ತಲೆಸುತ್ತಂತೆ. ಪಡುವಣದಲ್ಲಿ ಅವರಿಗೊಂದು ಖಾಯಂ ಕುರ್ಚಿ ಇರಲಿ. ನೀವು ಇದರಲ್ಲೊಂದು ಸಹಿ ಹಾಕಿ.”

ಸಾಕವ್ವನಿಗೆ ಹೋದ ವರ್ಷದಿಂದ ಬಿಸಿಲಿಗೆ ಕಣ್ಣು ಕತ್ತಲಿಡುತ್ತಿದ್ದುದು ನಿಜ. ಜವರಯ್ಯ ಕಾಗದವನ್ನು ಮೂರು ಸಲ ಓದಿದ. ಪ್ರತಿ ಪ್ರಜೆಗೂ ಸಮಾನ ನೆರಳು ಲಭ್ಯವಾಗುವುದೆಂದು ದೃಢೀಕರಿಸಲಾಗಿದೆ ಎಂದು ಅದರಲ್ಲಿತ್ತು. ಅವನು ಸಹಿ ಹಾಕಿದ. ಸಹಿ ಓದುವಂತೆಯೇ ಬಂತು.

ನಲವತ್ತೆರಡು ಹೊಂಗೆ ಮರಗಳನ್ನು ನೆರಳಿಗೆ ಅಡ್ಡಿಯಾಗಿವೆ ಎಂಬ ಕಾರಣಕ್ಕೆ ಕಡಿಯಲಾಯಿತು.

ಎರಡು ವರ್ಷ ಕೆಲಸ ನಡೆಯಿತು. ಚಾವಣಿ ಮೇಲೆದ್ದಿತು. ಪಡುವಣ ಗ್ಯಾಲರಿಗೆ ‘ರಾಜಛಾಯಾ ಎನ್‌ಕ್ಲೋಶರ್’ ಎಂದು ಹೆಸರಾಗಿ, ಅದು ಆಸ್ಥಾನಿಕರಿಗೂ ಅವರ ಷಡ್ಡಕರಿಗೂ ಮೀಸಲಾಯಿತು. ಪ್ರತಿ ಕುರ್ಚಿಗೂ ಸಂಖ್ಯೆ ಬಂತು, ಸಂಖ್ಯೆ ಬಿಟ್ಟು ಏಳಬಾರದೆಂಬ ನಿಯಮ ಬಂತು. ಹಾಗಾಗಿ ಅರ್ಧ ಆಟದಲ್ಲಿ ಜಾಗ ಬದಲಿಸುವ ಪ್ರಶ್ನೆಯೇ ಉಳಿಯಲಿಲ್ಲ. ಜವರಯ್ಯನ ಹುದ್ದೆಯನ್ನು ಮಾತ್ರ ತೆಗೆಯಲು ಮರೆತಿದ್ದರು. ಅವನು ಶಂಖವನ್ನು ಹೆಗಲಚೀಲದಲ್ಲಿಟ್ಟುಕೊಂಡು ಬರುತ್ತಿದ್ದ, ಹೋಗುತ್ತಿದ್ದ.

ಉದ್ಘಾಟನೆಯ ದಿನ ಪಡುವಣದ ಪಾಸು ಸಾಕವ್ವನ ಕೈಗೆ ಕೊಟ್ಟಾಗ ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇದು ಯಾಕೆ ಸಿಕ್ಕಿತು ಎಂದು ಕೇಳಿದಳು. ಜವರಯ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಬರವಣಿಗೆಯಲ್ಲಿ ಮಾತ್ರ ಬರುತ್ತಿತ್ತು. ನಡೆದದ್ದನ್ನು ಹೇಳಿದ.

ಸಾಕವ್ವ ಬಯ್ಯಲಿಲ್ಲ. “ಅಲ್ಲಿ ಕೂತ್ಕಂಡು ಯಾರ್ ಜೊತೆ ಕೂಗ್ಲಿ ನಾನು? ಅವರಿಗೆ ಗೋಲು ಯಾವ್ದು ಅಂತ್ಲೂ ಗೊತ್ತಿಲ್ಲ,” ಎಂದು ಪಾಸನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ತನ್ನ ಹಳೆಯ ಗೆಳತಿಯರ ಜೊತೆ ಮೂಡಣಕ್ಕೇ ಹೋಗಿ ಕುಳಿತಳು.

ನಾಲ್ಕು ಗಂಟೆಗೆ ಆಟ ಶುರುವಾಯಿತು. ಸೂರ್ಯನಿಗೆ ಯಾರೂ ಪ್ರೆಸೆಂಟೇಷನ್ ತೋರಿಸಿರಲಿಲ್ಲ. ಅವನು ಮೊದಲಿನ ಜಾಗದಲ್ಲೇ ಇದ್ದ. ಮೂಡಣದ ಹದಿನೆಂಟು ಸಾವಿರ ಜನರ ಮುಖಕ್ಕೆ ಬಿಸಿಲು ನೇರ ಬಡಿಯಿತು. ನೆತ್ತಿಯ ಮೇಲಿನ ತಗಡು ಅದೇ ಬಿಸಿಲನ್ನು ಮತ್ತೊಮ್ಮೆ ತಲೆಗೆ ಸುರಿಯಿತು. ಮೊದಲು ಕೆರೆಯ ಕಡೆಯಿಂದ ಬರುತ್ತಿದ್ದ ಗಾಳಿಯೂ ಚಾವಣಿ ಹೊರಲು ಕಟ್ಟಿದ್ದ ಗೋಡೆಗೆ ತಾಕಿ ಹಿಂದಿರುಗಿತು. ಅತ್ತ ಮೂಡಣ ಚಾವಣಿಯ ವಿಸ್ತಾರವಾದ ನೆರಳು ಗ್ಯಾಲರಿಯ ಹಿಂದೆ, ಆಸ್ಥಾನಿಕರ ರಥಗಳನ್ನು ಪಾರ್ಕ್ ಮಾಡಿದ್ದ ಬಯಲಿನ ಮೇಲೆ ಬಿದ್ದಿತ್ತು. ಕುದುರೆಗಳು ಸುಖವಾಗಿ ಬಾಲ ಆಡಿಸುತ್ತ ಹುರುಳಿ ಮೆಲ್ಲುತ್ತಿದ್ದವು. ಪಡುವಣದಲ್ಲಿ ಮುಕ್ಕಾಲು ಕುರ್ಚಿಗಳು ಖಾಲಿ. ಪಾಸು ಪಡೆದವರು ಒಳಗಿನ ಲೌಂಜಿನಲ್ಲಿ ಪಕೋಡ ತಿನ್ನುತ್ತಿದ್ದರು.

ಮುಂದಿನ ಪಂದ್ಯಕ್ಕೆ ಜನ ಕೊಡೆ ತಂದರು. ಅದರ ಮರುದಿನ ಕೊಡೆ ನಿಷೇಧದ ಆಜ್ಞೆ ಹೊರಟಿತು: ಚಾವಣಿಯ ಕೆಳಗೆ ಕೊಡೆ ಬಿಡಿಸುವುದು ಚಾವಣಿಯಲ್ಲಿ ಅವಿಶ್ವಾಸ ಸೂಚಿಸಿದಂತೆ. ಒದ್ದೆ ಟವೆಲಿಗೆ ಅವಕಾಶವಿತ್ತು, ಅದು ಹೊರಗೇ ಒದ್ದೆಯಾಗಿರತಕ್ಕದ್ದು ಎಂಬ ಷರತ್ತಿನ ಮೇಲೆ.

ಮೂರು ತಿಂಗಳಿಗೆ ಹೊಸ ಸಂಕಟ ಎದುರಾಯಿತು. ಬೆಳಿಗ್ಗೆ ಮೂಡಣ ಚಾವಣಿ, ಸಂಜೆ ಪಡುವಣ ಚಾವಣಿ, ಹೀಗೆ ದಿನವಿಡೀ ನೆರಳು ಕುಡಿದ ಹುಲ್ಲು ಹಳದಿಯಾಗಿ ಬುಡದಲ್ಲಿ ಕೊಳೆಯತೊಡಗಿತು. ಯಾವುದಕ್ಕೆ ಬಿಸಿಲು ಬೇಕಿತ್ತೋ ಅದಕ್ಕೆ ನೆರಳು ಸಿಕ್ಕಿತ್ತು, ಯಾರಿಗೆ ನೆರಳು ಬೇಕಿತ್ತೋ ಅವರಿಗೆ ಬಿಸಿಲು ಸಿಕ್ಕಿತ್ತು. ಇದನ್ನು ಅದಲು ಬದಲು ಮಾಡಬಹುದೇ ಎಂದು ಆಸ್ಥಾನದಲ್ಲಿ ಯಾರೂ ಕೇಳಲಿಲ್ಲ. ಬದಲಿಗೆ ಅಸ್ತುಸೇನ, ಮೂಡಣ ಗ್ಯಾಲರಿಯಲ್ಲಿ ಹೆಚ್ಚುವರಿ ಬಿಸಿಲು ನಿರುಪಯುಕ್ತವಾಗಿ ಬಿದ್ದಿದೆಯೆಂದೂ, ಪ್ರಜೆಗಳು ಅದನ್ನು ಸ್ವಾರ್ಥದಿಂದ ತಾವೇ ಅನುಭವಿಸುತ್ತಿದ್ದಾರೆಂದೂ ವರದಿ ಒಪ್ಪಿಸಿದ. ಪ್ರಭುಗಳು ಖಿನ್ನರಾದರು. ‘ಕಿರಣದಾನ ಅಭಿಯಾನ’ ಜಾರಿಗೆ ಬಂತು. ಮೂಡಣದ ಪ್ರತಿ ಪ್ರೇಕ್ಷಕನೂ ಮನೆಯಿಂದ ಹುಣಸೆಹಣ್ಣಿನಲ್ಲಿ ಬೆಳಗಿದ ಒಂದು ಹಿತ್ತಾಳೆ ತಟ್ಟೆ ತರಬೇಕು, ಎದೆಯ ಮಟ್ಟಕ್ಕೆ ಹಿಡಿದು ಬಿಸಿಲನ್ನು ಹುಲ್ಲಿನ ಕಡೆಗೆ ತಿರುಗಿಸಬೇಕು. ಆಟ ನೋಡಬಾರದೆಂದೇನೂ ಇರಲಿಲ್ಲ. ತಟ್ಟೆ ಅಲುಗಬಾರದು, ಅಷ್ಟೆ.

ಅಭಿಯಾನದ ಮೊದಲ ಪಂದ್ಯದಲ್ಲಿ ಹದಿನೆಂಟು ಸಾವಿರ ತಟ್ಟೆಗಳು ಒಟ್ಟಿಗೆ ಹೊಳೆದವು. ಎರಡೂ ಕಡೆಯ ಗೋಲ್‌ಕೀಪರುಗಳು ಕಣ್ಣು ಮುಚ್ಚಿಕೊಂಡು ನಿಂತರು. ಅರ್ಧ ಗಂಟೆಯಲ್ಲಿ ಒಂಬತ್ತು ಗೋಲುಗಳಾದವು. ಆಸ್ಥಾನದ ವೀಕ್ಷಕ ವಿವರಣೆಕಾರ ಇದನ್ನು ಆಕ್ರಮಣಕಾರಿ ಆಟದ ಸುವರ್ಣಯುಗವೆಂದು ಬಣ್ಣಿಸುತ್ತಿದ್ದಂತೆಯೇ, ಹನ್ನೆರಡನೆಯ ಸಾಲಿನಲ್ಲಿ ಒಂದು ತಟ್ಟೆ ಠಣಾರೆಂದು ಕೆಳಗೆ ಬಿತ್ತು. ಅದರ ಹಿಂದೆಯೇ ಸಾಕವ್ವ ಬಿದ್ದಳು.

ಜವರಯ್ಯ ಓಡಿ ಬರುವಷ್ಟರಲ್ಲಿ ಗೆಳತಿಯರು ಅವಳನ್ನು ಕಾಲುಹಾದಿಯಲ್ಲಿ ಮಲಗಿಸಿ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಗಾಳಿಯೂ ಬಿಸಿಯಾಗಿತ್ತು. ಅವಳ ಹಣೆ ಕಾದ ಕಾವಲಿಯಂತಿತ್ತು, ತುಟಿ ಬಿರಿದಿತ್ತು. ನೆರಳಿಗೆ ಒಯ್ಯಿರಿ ಎಂದು ಯಾರೋ ಅಂದರು. ನೆರಳೆಲ್ಲಿದೆ ಎಂದು ಇನ್ನಾರೋ ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಲೆಂದೇ ಸಂಬಳ ಪಡೆಯುತ್ತಿದ್ದವನು ತಲೆಯೆತ್ತಿ ಎದುರಿಗೆ ನೋಡಿದ. ಪಡುವಣದಲ್ಲಿ ಸಾಲು ಸಾಲು ಖಾಲಿ ಕುರ್ಚಿಗಳು ತಣ್ಣಗೆ ಕುಳಿತಿದ್ದವು. ತಾನು ಹಾಕಿದ ಸಹಿ ಅವನಿಗೆ ನೆನಪಾಯಿತು. ಅದು ಎಷ್ಟು ಸ್ಪಷ್ಟವಾಗಿ ಬಂದಿತ್ತೆಂಬುದೂ ನೆನಪಾಯಿತು.

ರೆಫರಿ ಅರ್ಧ ಆಟಕ್ಕೆ ಸೀಟಿ ಹೊಡೆದ. ಜವರಯ್ಯ ಚೀಲದಿಂದ ಶಂಖ ತೆಗೆದು ಊದಿದ.

ಮೊದಲು ಮುದುಕನೊಬ್ಬ ಎದ್ದ, ಅವನ ಪಕ್ಕದವಳು ಎದ್ದಳು, ಸಾಲಿಗೆ ಸಾಲೇ ಎದ್ದಿತು. ತಟ್ಟೆಗಳನ್ನು ಕಂಕುಳಲ್ಲಿಟ್ಟುಕೊಂಡು ಹದಿನೆಂಟು ಸಾವಿರ ಜನ ಕೊಳೆತ ಹುಲ್ಲನ್ನು ದಾಟಿ ಪಡುವಣಕ್ಕೆ ನಡೆದರು. ನೂಕಾಟವಿರಲಿಲ್ಲ, ಹಳೆಯ ಅಭ್ಯಾಸ ಕಾಲುಗಳಿಗೆ ನೆನಪಿತ್ತು. ಮುಂದೆ ಸಾಕವ್ವನನ್ನು ನಾಲ್ವರು ಹೊತ್ತಿದ್ದರು. ಕಾವಲುಗಾರರು ತಡೆಯಲಿಲ್ಲ, ಯಾಕೆಂದರೆ ಅವರೂ ಜೊತೆಗೇ ನಡೆಯುತ್ತಿದ್ದರು.

ಸದ್ದಿಗೆ ಎಚ್ಚರಗೊಂಡ ಪ್ರಭುಗಳು ಇವರೆಲ್ಲ ಯಾರೆಂದು ಕೇಳಿದರು. ಚಾವಣಿಗಾಗಿ ಕೃತಜ್ಞತೆ ಸಲ್ಲಿಸಲು ಬಂದ ಪ್ರಜಾನಿಯೋಗ ಎಂದು ಅಸ್ತುಸೇನ ಹೇಳಿದ. ಪ್ರಭುಗಳು ಎದ್ದು ನಿಂತು ಎರಡನೆಯ ಅರ್ಧವಿಡೀ ಕೈಬೀಸಿದರು. ಅವರ ಹಿಂದೆ ಆರು ಸಾಲು ಮೇಲೆ, ಒಬ್ಬ ಷಡ್ಡಕನ ಮೆತ್ತನೆಯ ಕುರ್ಚಿಯಲ್ಲಿ, ಸಾಕವ್ವ ಕಣ್ಣುಬಿಟ್ಟು ನೀರು ಕೇಳಿದಳು.

ಮೂರನೆಯ ದಿನ ಜವರಯ್ಯನಿಗೆ ಕರೆ ಬಂತು. ಕೃತಜ್ಞತೆಯ ಕಾರ್ಯಕ್ರಮ ಪಟ್ಟಿಯಲ್ಲಿರಲಿಲ್ಲವೆಂಬುದು ಅಷ್ಟರಲ್ಲಿ ಅರಮನೆಗೆ ಗೊತ್ತಾಗಿತ್ತು. ನೆರಳು ಸರ್ವರಿಗೂ ಸಮಾನವೆಂದು ನೀನೇ ದೃಢೀಕರಿಸಿರುವಾಗ ಜನ ಯಾಕೆ ಎದ್ದು ಬಂದರು ಎಂದು ಪ್ರಭುಗಳು ಕೇಳಿದರು.

“ನಾನು ಬರೆದದ್ದು ಸುಳ್ಳು, ಬುದ್ಧಿ,” ಎಂದ ಜವರಯ್ಯ. “ನೆರಳು ಜನರ ಮೇಲೆ ಬೀಳುತ್ತಿಲ್ಲ. ಕುದುರೆಗಳ ಮೇಲೆ ಬೀಳುತ್ತಿದೆ.”

ಆಸ್ಥಾನ ಉಸಿರು ಬಿಗಿಹಿಡಿಯಿತು. ಪ್ರಭುಗಳು ಅಮಾತ್ಯನ ಕಡೆ ನೋಡಿದರು. ಅಸ್ತುಸೇನ ಒಂದು ಕ್ಷಣವೂ ತಡವರಿಸಲಿಲ್ಲ.

“ಮಹಾಪ್ರಭು, ಯೋಜನೆಯ ಲಾಭ ಮೂಕಪ್ರಾಣಿಗಳಿಗೂ ತಲುಪಿದೆಯೆಂದು ಗುರಿಕಾರರು ಈಗಷ್ಟೇ ಒಪ್ಪಿಕೊಂಡರು,” ಎಂದ. ಆಸ್ಥಾನ ಉಸಿರು ಬಿಟ್ಟು ಚಪ್ಪಾಳೆ ತಟ್ಟಿತು.

ಅಂದೇ ಎರಡು ಆಜ್ಞೆಗಳು ಹೊರಟವು. ರಾಜ್ಯದಲ್ಲಿ ನೆರಳು ಸರ್ವವ್ಯಾಪಿಯಾಗಿರುವ ಕಾರಣ ನೆರಳು ಗುರಿಕಾರನ ಹುದ್ದೆ ಅನಗತ್ಯವೆಂದು ರದ್ದಾಯಿತು; ಶಂಖ ವಸ್ತುಸಂಗ್ರಹಾಲಯ ಸೇರಿತು. ಹುಲ್ಲಿನ ಭದ್ರತೆಗಾಗಿ ಮೂಡಣ ಗ್ಯಾಲರಿಯ ಮುಂದೆ ಆಳೆತ್ತರದ ಕಬ್ಬಿಣದ ಬೇಲಿ ಎದ್ದಿತು. ಬೇಲಿಗೆ ಸೊಗಸಾದ ಹಸಿರು ಬಣ್ಣ ಬಳಿದರು. ಬಣ್ಣ ಮಿಕ್ಕದ್ದರಿಂದ ಹುಲ್ಲಿಗೂ ಬಳಿದರು.

ಆಷಾಢದಲ್ಲಿ ಅಂತರರಾಷ್ಟ್ರೀಯ ಕ್ರೀಡಾಂಗಣ ಮೌಲ್ಯಮಾಪನ ಮಂಡಳಿಯವರು ಬಂದರು. ಒಂದು ವಾರದಿಂದ ಕವುಚಿದ ಮೋಡ, ಜಿಟಿಜಿಟಿ ಮಳೆ. ತಜ್ಞರು ಉಪಕರಣ ಹಿಡಿದು ಎರಡೂ ಗ್ಯಾಲರಿಗಳ ಮೂಲೆಮೂಲೆಯನ್ನೂ ಅಳೆದರು. ಎಲ್ಲಿಯೂ ಒಂದು ಹನಿ ಬಿಸಿಲು ಸಿಗಲಿಲ್ಲ. ನೆರಳಿನ ಪ್ರಮಾಣ ಶೇಕಡಾ ನೂರು ಎಂದು ಬರೆದುಕೊಂಡು ಹೋದರು.

ಮರುವರ್ಷದ ವೈಶಾಖದಲ್ಲಿ ಪ್ರಶಸ್ತಿ ಬಂತು: ಪ್ರೇಕ್ಷಕಸ್ನೇಹಿ ನೆರಳಿಗಾಗಿ ಪ್ರಥಮ ಸ್ಥಾನ. ಪ್ರಶಸ್ತಿಫಲಕದ ಜೊತೆ ಪ್ರಭುಗಳನ್ನೂ ಪಟ್ಟದಾನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಲು ನಿಶ್ಚಯವಾಯಿತು. ಮನೆಗೊಬ್ಬರಂತೆ ಪ್ರಜೆಗಳು ಬೆಳಿಗ್ಗೆ ಒಂಬತ್ತಕ್ಕೇ ರಾಜಬೀದಿಯ ಎರಡೂ ಬದಿಯಲ್ಲಿ ನಿಲ್ಲಬೇಕೆಂದು ಡಂಗುರ ಸಾರಿದರು. ಜವರಯ್ಯನ ಮನೆಯಿಂದ ಅವನೊಬ್ಬನೇ ಬಂದರೆ ಸಾಕಿತ್ತು. ಆದರೆ ಈಗ ಕೂಲಿಗೆ ಹೋಗುತ್ತಿದ್ದ ಗಂಡ ಬಿಸಿಲಲ್ಲಿ ಒಬ್ಬನೇ ನಿಲ್ಲುವುದು ಬೇಡವೆಂದು ಸಾಕವ್ವನೂ ಬಂದಳು. ಮುಹೂರ್ತದ ತೊಡಕಿನಿಂದ ಆನೆ ಹೊರಟದ್ದು ಮಧ್ಯಾಹ್ನ ಒಂದೂವರೆಗೆ.

ಆನೆಯ ಮುಂದೆ ಅಸ್ತುಸೇನ ಪಲ್ಲಕ್ಕಿಯಲ್ಲಿ ಬರುತ್ತ, ಪ್ರಶಸ್ತಿಯ ಪ್ರೇರಣೆಯಿಂದ ಪ್ರಭುಗಳು ಸಂತೆಪೇಟೆಗೂ ಹೆರಿಗೆ ಆಸ್ಪತ್ರೆಯ ಅಂಗಳಕ್ಕೂ ಇದೇ ಮಾದರಿಯ ಚಾವಣಿ ದಯಪಾಲಿಸಿದ್ದಾರೆಂದು ಘೋಷಿಸಿದ. ಸಂತೆಪೇಟೆಯ ಆಲದ ಮರಕ್ಕೆ ಅದಾಗಲೇ ಸುಣ್ಣದಲ್ಲಿ ಸಂಖ್ಯೆ ಬರೆದಾಗಿತ್ತು.

“ಚಪ್ಪಾಳೆ ತಟ್ಟು,” ಎಂದು ಜವರಯ್ಯ ಮೆಲ್ಲನೆ ಹೇಳಿದ. “ತಟ್ಟಿದರೆ ಆನೆ ಮುಂದೆ ಹೋಗುತ್ತೆ, ನಾವು ಮನೆಗೆ ಹೋಗಬಹುದು.”

ಸಾಕವ್ವ ತಟ್ಟಿದಳು. ಬೀದಿಯ ಎರಡೂ ಬದಿಯವರು ಅದನ್ನೇ ಯೋಚಿಸಿದ್ದರೋ ಏನೋ, ಎಲ್ಲರೂ ಜೋರಾಗಿ ತಟ್ಟಿದರು. ಇಷ್ಟೊಂದು ಪ್ರೀತಿ ಕಂಡು ಪ್ರಭುಗಳಿಗೆ ಕಣ್ತುಂಬಿ ಬಂತು. ಅವರು ಆನೆಯನ್ನು ನಿಲ್ಲಿಸಿ, ಮೆರವಣಿಗೆ ಇನ್ನೊಂದು ಸುತ್ತು ಬರಲಿ ಎಂದು ಅಪ್ಪಣೆ ಕೊಡಿಸಿದರು.