ಏಳನೆಯ ನಂಬರಿನ ಟ್ರೀಕಲ್ ಟಾಫಿ

ಏಳನೆಯ ಫ್ಲಾಟಿನಿಂದ ಬರುವ ಒಗ್ಗರಣೆಯ ವಾಸನೆ ತಡೆಯಲಾಗುತ್ತಿಲ್ಲವೆಂದು ಯಾರೋ ಹೆಸರು ಹಾಕದೆ ದೂರು ಬರೆದಿದ್ದರು. ಇನ್ನೊಂದು ದೂರು ಬಂದರೆ ಬಾಡಿಗೆ ಕರಾರು ಮುಂದುವರಿಸುವುದಿಲ್ಲವೆಂದು ಏಜೆಂಟ್ ತಿರುಮಲೇಶನಿಗೆ ಇಮೇಲ್ ಕಳಿಸಿದ್ದ. ಟ್ಯೂಬ್ ರೈಲಿನ ನಿಲ್ದಾಣಕ್ಕೆ ಐದು ನಿಮಿಷ, ಮಗಳ ಶಾಲೆಗೆ ಮೂರು ನಿಮಿಷ. ಅಂಥ ಮನೆ ಕಿಂಗ್ಸ್‌ಬರಿಯಲ್ಲಿ ಇನ್ನೊಂದು ಸಿಗುವುದು ಕನಸಿನ ಮಾತು.

ಬರೆದವರು ಯಾರೆಂದು ತಿರುಮಲೇಶ ತಲೆ ಕೆಡಿಸಿಕೊಳ್ಳಲಿಲ್ಲ. ಆ ಕಟ್ಟಡದಲ್ಲಿದ್ದ ಇಂಗ್ಲಿಷರು ಒಬ್ಬರೇ, ಕೆಳಗಿನ ಮನೆಯ ಮಾರ್ಗರೆಟ್ ಅಜ್ಜಿ. ಇಂಗು ಬೆಳ್ಳುಳ್ಳಿ ಆಗದವರು ಮತ್ತೆ ಯಾರಿದ್ದಾರು? ಆಕೆಯ ದೇಶದ ಸಿಹಿಯನ್ನೇ ಮಾಡಿಕೊಟ್ಟು ಆಕೆಯ ಮನಸ್ಸು ಕರಗಿಸುವುದೆಂದು ಅವನು ನಿಶ್ಚಯಿಸಿದ. ನವೆಂಬರ್ ಐದು, ಇಲ್ಲಿನವರ ಪಟಾಕಿ ದಿನ. ಅಂದು ಟ್ರೀಕಲ್ ಟಾಫಿ ತಿನ್ನುವುದು ಸಂಪ್ರದಾಯವೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಹೆಂಡತಿ ಮಾಳವಿಕಾ ಆಸ್ಪತ್ರೆಯ ಡ್ಯೂಟಿಗೆ ಹೊರಟದ್ದೇ ತಡ, ಬೆಣ್ಣೆ, ಕಂದು ಸಕ್ಕರೆ, ಕಾಕಂಬಿಯಂಥ ಕರೀ ಟ್ರೀಕಲ್ ಎಲ್ಲವೂ ಒಲೆಯೇರಿದವು.

ವಾಸನೆ ಹಿಡಿದು ಮೊದಲು ಬಂದವರು ಎದುರು ಮನೆಯ ವೇದವತಿ, ಮೈಸೂರಿನವರು. ಅವರ ಹಿಂದೆಯೇ, ಅದೇ ಕಟ್ಟಡದಲ್ಲಿದ್ದ ಡಾಕ್ಟರ್ ಮಗನ ಮನೆಗೆ ಧಾರವಾಡದಿಂದ ಬಂದಿದ್ದ ಕಾಶವ್ವ.

“ಏನ್ರೀ, ರೋಡಿಗೆ ಡಾಂಬರು ಕಾಯಿಸ್ತಿದೀರಾ?” ಎಂದರು ವೇದವತಿ.

ತಿರುಮಲೇಶ ದೂರಿನ ಕತೆಯನ್ನೂ ತನ್ನ ಉಪಾಯವನ್ನೂ ಹೇಳಿದ. ವೇದವತಿ ಯಾಕೋ ಒಮ್ಮೆ ಸೆರಗು ಸರಿಮಾಡಿಕೊಂಡರು. “ಪಾಪ, ಒಳ್ಳೇ ಐಡಿಯಾ. ಪಾಕ ನನಗೆ ಬಿಡಿ. ಎಳೆ ಬಂದ ತಕ್ಷಣ ಇಳಿಸ್ಬಿಡ್ಬೇಕು.”

“ಎಳಿ ಪಾಕದಾಗ ಟಾಫಿ ಹೆಂಗ ಆಗತೈತ್ರೀ?” ಕಾಶವ್ವ ಸೌಟು ಕಸಿದುಕೊಂಡರು. “ತಾಟಿಗೆ ಬಡದ್ರ ಠಣ್ ಅನ್ಬೇಕು. ಶೇಂಗಾ ಚಿಕ್ಕಿ ಮಾಡ್ಕೋತ ಮುದುಕಿ ಆಗೇನಿ ನಾ!”

“ರೆಸಿಪೀಲಿ ನೂರ ನಲವತ್ತು ಡಿಗ್ರಿ ಅಂತ...” ಎಂದು ತಿರುಮಲೇಶ ಥರ್ಮಾಮೀಟರು ಎತ್ತಿದ.

“ಪಾಕಕ್ಕೆ ಜ್ವರ ನೋಡ್ತಾರೇನ್ರೀ!” ಇಬ್ಬರೂ ಹರಿಹಾಯ್ದರು. ಅದೊಂದು ವಿಷಯದಲ್ಲಿ ಮಾತ್ರ ಮೈಸೂರು ಧಾರವಾಡ ಒಂದಾದವು.

ವೇದವತಿ ಏಲಕ್ಕಿ ಹಾಕಿದರು, ಕಾಶವ್ವ ಒಣಶುಂಠಿ ಸುರಿದರು. ಒಬ್ಬರು ಉರಿ ಇಳಿಸಿದರೆ ಇನ್ನೊಬ್ಬರು ಏರಿಸಿದರು. ವಾದ ಮುಗಿಯುವ ಮೊದಲೇ ಪಾಕದ ಕತೆ ಮುಗಿಯಿತು. ಕಪ್ಪು ಹೊಗೆ ಎದ್ದು ಅಲಾರಂ ಕಿರುಚಿ, ಇಡೀ ಕಟ್ಟಡವೇ ಅಂಗಳಕ್ಕಿಳಿಯಿತು. ತಿರುಮಲೇಶ ಒಲೆ ಆರಿಸಿ, ಉಳಿದದ್ದನ್ನು ಟ್ರೇಗೆ ಸುರಿದು, ಟವೆಲಿನಲ್ಲಿ ಮುಚ್ಚಿಕೊಂಡು ಓಡಿದ.

ಅಂಗಳದಲ್ಲಿ ಮಾರ್ಗರೆಟ್ ಮೂಗು ಹಿಡಿದು ನಿಂತಿದ್ದರು. ಒಗ್ಗರಣೆಯಿಂದ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಬೇಕೆಂದು ತಿರುಮಲೇಶ ತೊದಲಿದ. ಅಜ್ಜಿಯ ಇಂಗ್ಲಿಷನ್ನು ಕನ್ನಡಕ್ಕಿಳಿಸಿದರೆ ಇಷ್ಟು: “ತೊಂದರೆಯೇ? ಸಂಜೆ ಏಳಕ್ಕೆ ಆ ಘಮ ಬರಲೆಂದೇ ನಾನು ಕಿಟಕಿ ತೆರೆದಿಡುತ್ತೇನಪ್ಪ!”

ಹಾಗಾದರೆ ದೂರು? ವೇದವತಿ ಅವನ ಕಿವಿಯ ಬಳಿ ಬಂದು ಪಿಸುಗುಟ್ಟಿದರು. “ಅದು ನಾನೇ ಬರೆದಿದ್ದು, ಬೇಜಾರು ಮಾಡ್ಕೋಬೇಡಿ. ಚಾತುರ್ಮಾಸ ನೋಡಿ, ಬೆಳ್ಳುಳ್ಳಿ ವಾಸನೇಲಿ ಪೂಜೆಗೆ ಕೂರಕ್ಕಾಗ್ತಿರಲಿಲ್ಲ. ಮುಖಕ್ಕೆ ಹೇಳೋಕೆ ದಾಕ್ಷಿಣ್ಯ.”

ತಿರುಮಲೇಶನಿಗೆ ಸಿಟ್ಟು ಬಂತು, ಆದರೆ ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ಚಾತುರ್ಮಾಸವೂ ಮುಗಿದಿತ್ತು, ಅಜ್ಜಿಯೂ ತನ್ನ ಕಡೆ. ಮನೆ ಉಳಿಯಿತು!

“ಆದರೆ ಈ ಟ್ರೀಕಲ್ ನಾತ!” ಮಾರ್ಗರೆಟ್ ಮುಖ ಸಿಂಡರಿಸಿದರು. “ಪ್ರತಿ ವರ್ಷ ಇದೇ ದಿನ ಅಮ್ಮ ಬಾಯಿಗೆ ತುರುಕುತ್ತಿದ್ದಳು, ಎರಡು ಹಲ್ಲು ಕಳೆದುಕೊಂಡೆ. ಈಗಷ್ಟೇ ಏಜೆಂಟನಿಗೆ ಫೋನ್ ಮಾಡಿ ದೂರು ಕೊಟ್ಟೆ. ಯಾವ ಫ್ಲಾಟೆಂದು ತಿಳಿದ ಕೂಡಲೇ ಹೇಳುತ್ತೇನೆಂದಿದ್ದೇನೆ.”

ತಿರುಮಲೇಶ ಟ್ರೇಯನ್ನು ಬೆನ್ನ ಹಿಂದೆ ಸರಿಸಿದ. ಮಾಡಿದ ತಪ್ಪನ್ನು ತೊಳೆದುಕೊಳ್ಳುವ ಆತುರದಲ್ಲಿ ಅಜ್ಜಿಯ ಮಾತಿಗೆ ಕಿವಿಗೊಡದಿದ್ದ ವೇದವತಿ ಅದನ್ನು ಕಿತ್ತುಕೊಂಡು, ಟವೆಲ್ ಸರಿಸಿ, ಅಜ್ಜಿಯ ಮೂಗಿನ ಕೆಳಗೇ ಹಿಡಿದರು.

“ಇವ್ರೇ ಮಾಡಿದ್ದು, ಮೇಡಂ! ಫ್ಲಾಟ್ ನಂಬರ್ ಸೆವೆನ್! ಸ್ಪೆಷಲಿ ಫಾರ್ ಯೂ!”