ವಾಲೈ ಹಿಡಿಯಲು ಹೋಗಿ ದೇಶ ಬಿಟ್ಟದ್ದು

ಮೀನು ಹಿಡಿಯುವುದು ಬುದ್ಧಿಯ ಕೆಲಸ, ನನಗೆ ಬುದ್ಧಿಯಿದೆ, ಆದ್ದರಿಂದ ನಾನು ಮೀನು ಹಿಡಿಯಬಲ್ಲೆ. ಎಪ್ಪತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ ನಾನು ಹೀಗೆ ತೀರ್ಮಾನಿಸಿದೆ.

ವಸಂತ ಬಂತೆಂದರೆ ವಾಲೈ ಮೀನುಗಳು ಮೊಟ್ಟೆಯಿಡಲು ಈರಿ ಸರೋವರದಿಂದ ಡೆಟ್ರಾಯಿಟ್ ನದಿಗೆ ಹತ್ತಿ ಬರುತ್ತವೆ. ಡೆಟ್ರಾಯಿಟ್‌ನ ನಮ್ಮ ಆಫೀಸಿನಲ್ಲಿ ಆಗ ಬೇರೆ ಮಾತೇ ಇಲ್ಲ. ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ನಾನೂ ಧಾರವಾಡದ ಗೆಳೆಯ ಪಾಟೀಲನೂ ಮೂಕರಂತೆ ಕೂತಿರುತ್ತಿದ್ದೆವು. ಇಬ್ಬರೂ ಸಸ್ಯಾಹಾರಿಗಳು. ಒಂದೇ ಒಂದು ಮೀನು ಹಿಡಿದು, ಫೋಟೊ ತೆಗೆದು, ಕ್ಷಮೆ ಕೇಳಿ ನೀರಿಗೆ ಬಿಡುವುದೆಂದು ಒಪ್ಪಂದವಾಯಿತು.

ಪಾಟೀಲ ಬಾಡಿಗೆ ದೋಣಿ ತಂದ. ನಾನು ಲೈಬ್ರರಿಯಿಂದ ತಂತ್ರ ತಂದೆ.

"ಗಾಳದ ಸೀಸದ ಗುಂಡು ನದಿಯ ತಳಕ್ಕೆ ಟಕ್ ಟಕ್ ಅಂತ ತಾಗ್ತಿರಬೇಕು. ದಾರ ನೆಟ್ಟಗಿರಬೇಕು. ಅದಕ್ಕೇ ನೀರಿನ ವೇಗಕ್ಕೆ ಸರಿಯಾಗಿ ಎಂಜಿನ್ ನಡೆಸ್ತಿರಬೇಕು" ಎಂದು ನಾನೇ ಅವನಿಗೆ ಪಾಠ ಹೇಳಿದೆ. ಆಮೇಲೆ, ಸದ್ದಿಗೆ ಮೀನು ಹೆದರೀತೆಂದು ನಾನೇ ಎಂಜಿನ್ ಆಫ್ ಮಾಡಿದೆ.

"ಯಾಕ ಬಂದ್ ಮಾಡ್ದಿ?" ಎಂದ ಪಾಟೀಲ. "ಅದು ಮತ್ತ ಚಾಲೂ ಆಗೂದಿಲ್ಲೋ ಮಾರಾಯಾ."

ಆಗಲಿಲ್ಲ. ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ, ಹಗ್ಗ ಕಿತ್ತು ಕೈಗೆ ಬಂತು. ಹುಟ್ಟು ಹಾಕಿದೆ, ಒಂದು ಹುಟ್ಟು ಜಾರಿ ನಮಗಿಂತ ಮುಂದೆ ಹೊರಟಿತು. ಕೊನೆಗೆ ವೀರಾವೇಶದಿಂದ ಲಂಗರು ಎಸೆದೆ. ಅದನ್ನು ದೋಣಿಗೆ ಕಟ್ಟಿರಲಿಲ್ಲ.

ದೋಣಿ ಗಿರಗಿರ ತಿರುಗುತ್ತಾ ಪ್ರವಾಹದಲ್ಲಿ ಸಾಗಿತು. ಯಾವುದು ಎಡ, ಯಾವುದು ಬಲ, ಒಂದೂ ತಿಳಿಯಲಿಲ್ಲ. ಆಗ ಪಾಟೀಲ ಮೆಲ್ಲಗೆ ಹೇಳಿದ, "ಆಚಿ ದಂಡಿ ಕೆನಡಾ ಅಲ್ಲೇನು?"

 ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದ್ದೆ. ಅದು ಬರುವವರೆಗೆ ದೇಶ ಬಿಟ್ಟು ಕದಲಬಾರದೆಂದು ಲಾಯರು ಕಟ್ಟಪ್ಪಣೆ ಮಾಡಿದ್ದರು. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿ, ನಾನು ನದಿಯಲ್ಲಿ. ಹೆಂಡತಿ ಶಾರದ ಒಂದು ದೇಶದಲ್ಲಿ, ನಾನು ಇನ್ನೊಂದರಲ್ಲಿ. 

ದೋಣಿ ಜೊಂಡಿಗೆ ನುಗ್ಗಿ ನಿಂತಿತು. ದಡದಲ್ಲಿ ಅಜ್ಜಿಯೊಬ್ಬರು ನಾಯಿ ಹಿಡಿದುಕೊಂಡು ನಿಂತಿದ್ದರು. ಮೊಣಕಾಲುದ್ದದ ತಣ್ಣೀರಿಗಿಳಿದು ಕೈಮುಗಿದು ಕೇಳಿದೆ: "ಮೇಡಮ್, ಇದು ಯಾವ ದೇಶ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದು ಮಿಷಿಗನ್. ನಿಮಗೆ ಯಾವುದು ಬೇಕಿತ್ತು?"

ಅದು ನದಿಯ ನಡುವಿನ ದ್ವೀಪ, ಅಪ್ಪಟ ಅಮೆರಿಕದ್ದು. ನಾನು ಪಾಟೀಲನನ್ನು ತಬ್ಬಿಕೊಂಡೆ. ಅವನು "ಬಿಡೋ, ಥಂಡಿ" ಎಂದ. ಅಜ್ಜಿ ಮನೆಗೆ ಕರೆದು ಬಿಸಿ ಕಾಫಿ ಕೊಟ್ಟು ಫೋನ್ ತೋರಿಸಿದರು.

"ಶಾರದಾ," ಎಂದೆ, "ನಾನು ಅಮೆರಿಕದಲ್ಲೇ ಇದೀನಿ ಕಣೇ."



"ಮತ್ತೆಲ್ಲಿರ್ತೀರಿ?" ಎಂದಳು. "ಬರ್ತಾ ಹಾಲು ತನ್ನಿ."